ಚಿಗರಿಗೆ ಬಸ್ಸು ಸಿಕ್ಕಿತು, ತೋಳಕ್ಕೆ ಗೋಡೆಯಾದರೂ ಸಿಗುತ್ತಾ?

"ಬಂಕಾಪುರದಲ್ಲಿ ತೋಳಧಾಮ" ಅಂತ ಓದಿದರೆ ಹಾವೇರಿ ಕಡೆಯವರು ಒಮ್ಮೆ ಕಣ್ಣುಜ್ಜಿಕೊಳ್ಳಲೇಬೇಕು. ಇಲ್ಲಿನವರಿಗೆ ಬಂಕಾಪುರ ಅಂದರೆ ಶಿಗ್ಗಾಂವಿ ತಾಲೂಕಿನದು. ಅಲ್ಲಿರುವುದು ಹಳೇ ಕೋಟೆ, ಅರವತ್ತು ಕಂಬದ ನಗರೇಶ್ವರ ಗುಡಿ, ಕೋಟೆಯೊಳಗಿನ ನವಿಲುಧಾಮ. ಅಲ್ಲಿಗೆ ತೋಳ ಯಾವಾಗ ಬಂತು?

ಬಂದಿಲ್ಲ. ಸುದ್ದಿಯ ಬಂಕಾಪುರ ಬೇರೆ. ಅದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನದು. ಅಲ್ಲಿನ ಸುಮಾರು 332 ಎಕರೆ ಕುರುಚಲು ಗುಡ್ಡವನ್ನು ಸರ್ಕಾರ ತೋಳಗಳಿಗಾಗಿ ಕಾಯ್ದಿರಿಸಿದೆ. 2025ರಲ್ಲಿ ಅಲ್ಲಿ ಒಂದು ತೋಳ ಎಂಟು ಮರಿ ಹಾಕಿದಾಗ ಅರಣ್ಯ ಸಚಿವರೇ ಹೇಳಿಕೆ ಕೊಟ್ಟಿದ್ದರು, ಮರಿಗಳನ್ನು ಜೋಪಾನ ಮಾಡಿ ಅಂತ.

ಊರಿನ ಹೆಸರಿನ ಗೊಂದಲ ಇಷ್ಟಕ್ಕೇ ಮುಗಿಯಿತು. ಇನ್ನೊಂದು ಗೊಂದಲ ಅಷ್ಟು ಸುಲಭಕ್ಕೆ ಬಿಡಿಸುವಂಥದ್ದಲ್ಲ. 2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ ತೋಳಗಳು ಮಕ್ಕಳನ್ನು ಹೊತ್ತೊಯ್ದವು ಅಂತ ತಿಂಗಳುಗಟ್ಟಲೆ ಸುದ್ದಿ ಬಂತು, ಡ್ರೋನ್ ಹಾರಿಸಿ ಹಿಡಿದರು. ಅಲ್ಲಿ ಹಿಡಿದು ಬೋನಿಗೆ ಹಾಕುವ ಪ್ರಾಣಿಗೆ ಇಲ್ಲಿ ಧಾಮ ಯಾಕೆ? ಅದರ ಮೇಲೆ ಈಗ ಗೋಡೆಗೆ ತೋಳದ ಚಿತ್ರ ಬಿಡಿಸಿ, ಶಾಲೆಯಲ್ಲಿ ತೋಳದ ನಾಟಕ ಆಡಿಸಿ, ಜನರಿಗೆ ತೋಳದ ಮೇಲೆ ಪ್ರೀತಿ ಹುಟ್ಟಿಸಿ ಅನ್ನುವ ಮಾತು ಬೇರೆ. ಚಿತ್ರ ಬಿಡಿಸಿದರೆ ತೋಳ ಉಳಿಯುತ್ತಾ? ಕುರಿ ಕಳೆದುಕೊಂಡವರ ಎದುರು ಹೀಗೆ ಮಾತಾಡಿದರೆ ಅವರು ಏನಂತಾರೆ?

ಒಂದೊಂದಾಗಿ ನೋಡೋಣ.

332 ಎಕರೆ ಅಂದರೆ ಎಷ್ಟು

ಲೆಕ್ಕ ಹಾಕಿದರೆ 1.3 ಚದರ ಕಿಲೋಮೀಟರ್ ಚಿಲ್ಲರೆ. ಒಂದು ತೋಳದ ಗುಂಪು ಬೇಟೆಗಾಗಿ ಸುತ್ತುವ ಜಾಗ ಸಾಮಾನ್ಯವಾಗಿ ನೂರು ಚದರ ಕಿಲೋಮೀಟರ್ ದಾಟುತ್ತದೆ. ಅಂದರೆ ಧಾಮ ಅನ್ನುವುದು ತೋಳದ ಮನೆಯಲ್ಲ, ಬಾಣಂತಿ ಕೋಣೆ ಅಷ್ಟೇ. ಮರಿ ಹಾಕಲು ಬಂಡೆಗಳ ನಡುವೆ ಗವಿ ಇದೆ, ಜನರ ಓಡಾಟ ಕಡಿಮೆ, ಅದಕ್ಕೆ ಆ ಜಾಗ. ಊಟ ಹುಡುಕಲು ಅದು ಹೊರಗೆ ಬರಲೇಬೇಕು. ಹೊರಗೆ ಏನಿದೆ? ಶೇಂಗಾ ಹೊಲ, ಗೋಮಾಳ, ಮಡ್ಡಿ, ಕುರಿ ಹಿಂಡು, ಊರು.

ಹುಲಿ ಕಥೆ ಬೇರೆ. ಹುಲಿಗೆ ದಟ್ಟ ಕಾಡು ಬೇಕು, ಆ ಕಾಡಿಗೆ ಗಡಿ ಹಾಕಬಹುದು, ಗೇಟಿನಲ್ಲಿ ಗಾರ್ಡ್ ನಿಲ್ಲಿಸಬಹುದು. ತೋಳ ಬಯಲಿನ ಪ್ರಾಣಿ. ಹುಲ್ಲುಗಾವಲು, ಕುರುಚಲು ಗಿಡ, ಒಣ ಗುಡ್ಡ, ಇವೇ ಅದರ ಜಾಗ. ಗದಗಿನ ಕಪ್ಪತಗುಡ್ಡದಲ್ಲಿ ತೋಳ ಇದೆ. ಆ ಗುಡ್ಡಕ್ಕೆ 2019ರಲ್ಲಿ ವನ್ಯಜೀವಿಧಾಮದ ಪಟ್ಟ ಸಿಕ್ಕಿತು, ಸುಮಾರು 244 ಚದರ ಕಿಲೋಮೀಟರ್. ಅದಕ್ಕೂ ಮುಂಚೆ 2015ರಲ್ಲಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿ, ಮರುವರ್ಷ ವಾಪಸ್ ಪಡೆದು, ಜನ ಬೀದಿಗಿಳಿದ ಮೇಲೆ 2017ರಲ್ಲಿ ಮತ್ತೆ ಕೊಟ್ಟ ಕಥೆ ಗದಗಿನವರಿಗೆ ಗೊತ್ತಿದ್ದದ್ದೇ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಕೃಷ್ಣಮೃಗ ಧಾಮ ಇನ್ನೂ ಹಳೆಯದು, 1974ರದ್ದು, 119 ಚದರ ಕಿಲೋಮೀಟರ್. ಕಾಗದದಲ್ಲಿ ಇವೆಲ್ಲ ದೊಡ್ಡ ಜಾಗಗಳೇ. ಆದರೂ ತೋಳ ಗಡಿ ನೋಡಿ ವಾಪಸ್ ಹೋಗುವುದಿಲ್ಲ.

ಕಾನೂನಿನ ಬಲ ಕಡಿಮೆ ಇದೆ ಅಂತಲೂ ಅಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ತೋಳಕ್ಕೆ ಹುಲಿಯಷ್ಟೇ ರಕ್ಷಣೆ, ಮೊದಲ ಷೆಡ್ಯೂಲಿನಲ್ಲಿದೆ. ಆದರೆ ಇಡೀ ದೇಶದಲ್ಲಿ ಉಳಿದಿರುವುದು ಮೂರು ಸಾವಿರದ ಆಸುಪಾಸು. ಅದರಲ್ಲಿ ಬಹುಪಾಲು ರಕ್ಷಿತ ಕಾಡುಗಳ ಹೊರಗೆ, ರೈತರ ಮತ್ತು ಕುರಿಗಾಹಿಗಳ ನಡುವೆಯೇ ಬದುಕುತ್ತಿದೆ. ಹಾಗಾಗಿ ತೋಳ ಉಳಿಯುತ್ತೋ ಇಲ್ಲವೋ ಅನ್ನುವುದನ್ನು ಕೊನೆಗೆ ತೀರ್ಮಾನಿಸುವುದು ಮಡ್ಡಿಯ ಪಕ್ಕ ಹೊಲ ಇರುವವರು, ಅದೇ ಮಡ್ಡಿಯಲ್ಲಿ ಕುರಿ ಬಿಡುವವರು. ಅವರ ತಲೆಯಲ್ಲಿ ತೋಳ ಅಂದರೆ ಏನು ಚಿತ್ರ ಇದೆ ಅನ್ನುವುದು ಮುಖ್ಯವಾಗುವುದು ಇದಕ್ಕೇ. ಚಿತ್ರಕಲೆಯ ಮಾತು ಸುಮ್ನೆ ಹುಟ್ಟಿದ್ದಲ್ಲ.

ತೋಳ ಮಾಡುವ ಕೆಲಸ

ಬಯಲುಸೀಮೆಯ ಬೇಟೆಗಾರರಲ್ಲಿ ಒಂದು ಕಾಲಕ್ಕೆ ಚೀತಾ ಇತ್ತು. 1952ರಲ್ಲಿ ಭಾರತದಲ್ಲಿ ಅದು ಅಳಿದೇ ಹೋಯಿತೆಂದು ಘೋಷಿಸಿದರು. ಬಟಾ ಬಯಲಿನಲ್ಲಿ ಚಿಗರಿಯನ್ನು, ಅಂದರೆ ಕೃಷ್ಣಮೃಗವನ್ನು, ಓಡಿಸಿ ಹಿಡಿಯುವ ದೊಡ್ಡ ಪ್ರಾಣಿ ಅಂತ ನಮ್ಮ ಕಡೆ ಈಗ ಉಳಿದಿರುವುದು ತೋಳವೇ.

ಚಿಗರಿ ಯಾಕೆ ಅಷ್ಟು ಜೋರು ಓಡುತ್ತದೆ? ಗಂಟೆಗೆ 80 ಕಿಲೋಮೀಟರಿನ ಹತ್ತಿರದ ವೇಗ ಹುಲ್ಲು ತಿನ್ನಲು ಬೇಕಾಗಿಲ್ಲ. ಹಿಂದೆ ಚೀತಾ, ತೋಳ ಓಡಿ ಬರುತ್ತಿದ್ದವು, ನಿಧಾನ ಇದ್ದದ್ದು ಸತ್ತಿತು, ಓಡಿದ್ದು ಮರಿ ಹಾಕಿತು, ಸಾವಿರಾರು ತಲೆಮಾರು ಹೀಗೇ ನಡೆಯಿತು. ಚಿಗರಿಯ ಕಾಲನ್ನು ತಿದ್ದಿದವರಲ್ಲಿ ತೋಳವೂ ಒಂದು.

ಈಗ ಹಾವೇರಿ, ಗದಗ, ನವಲಗುಂದ ಕಡೆಯ ರೈತರನ್ನು ಕೇಳಿ. ಚಿಗರಿ ಕಾಟ ಅಂತಾರೆ. ಗೋವಿನಜೋಳ, ಹೆಸರು, ಕಡಲೆ ಮೊಳಕೆಯೊಡೆದು ಮೇಲೆ ಬರುವ ಹೊತ್ತಿಗೆ ಹಿಂಡು ಹಿಂಡಾಗಿ ಬಂದು ಚಿಗುರು ಕತ್ತರಿಸಿ ಹೋಗುತ್ತವೆ. ತೋಳ ಇರುವ ಕಡೆ ಎರಡು ಬದಲಾವಣೆ ಆಗುತ್ತದೆ. ಮರಿ, ಮುದಿ, ಕಾಯಿಲೆಯ ಚಿಗರಿಗಳು ಕಡಿಮೆಯಾಗುತ್ತವೆ, ಇದು ಒಂದು. ಇನ್ನೊಂದು, ಹಿಂಡು ಒಂದೇ ಕಡೆ ಜಾಸ್ತಿ ಹೊತ್ತು ನಿಲ್ಲುವುದಿಲ್ಲ, ಹೆದರಿಕೆಯಿಂದ ಜಾಗ ಬದಲಿಸುತ್ತಿರುತ್ತದೆ, ಒಂದೇ ತುಂಡು ನೆಲ ಬೋಳಾಗುವುದು ತಪ್ಪುತ್ತದೆ. ಜೊತೆಗೆ ಮೊಲ, ಇಲಿಗಳನ್ನೂ ತೋಳ ತಿನ್ನುತ್ತದೆ. ಅವೂ ಹೊಲಕ್ಕೆ ಬರುವ ಗಿರಾಕಿಗಳೇ.

ಹಾಗಂತ ತೋಳ ಬಿಟ್ಟರೆ ಚಿಗರಿ ಸಮಸ್ಯೆ ಮಾಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಈ ವಿಷಯದಲ್ಲಿ ಉತ್ಸಾಹ ಹದ ಮೀರಿದ ಉದಾಹರಣೆ ಅಮೆರಿಕದಲ್ಲೇ ಇದೆ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ 1926ರ ಹೊತ್ತಿಗೆ ತೋಳಗಳನ್ನು ಕೊಂದು ಮುಗಿಸಿದ್ದರು. 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳ ತಂದು ಬಿಟ್ಟರು. ಅಲ್ಲಿನ ಎಲ್ಕ್ ಜಿಂಕೆ ಕಡಿಮೆಯಾಯಿತು, ಕೆಲವು ಕಡೆ ಹೊಳೆದಂಡೆಯ ಗಿಡ ಮತ್ತೆ ಎದ್ದವು. ಇಲ್ಲಿಯವರೆಗೆ ಸರಿ. ಆಮೇಲೆ ಅಂತರ್ಜಾಲದಲ್ಲಿ ಕಥೆ ಬೆಳೆಯಿತು. ತೋಳ ಬಂದು ನದಿಯ ದಿಕ್ಕನ್ನೇ ಬದಲಿಸಿತು ಅಂತಾಯಿತು. ವಿಜ್ಞಾನಿಗಳಲ್ಲೇ ಎಷ್ಟೋ ಜನ ಇದನ್ನು ಒಪ್ಪುವುದಿಲ್ಲ. ಎಲ್ಕ್ ಕಡಿಮೆಯಾಗಲು ಕರಡಿ, ಪ್ಯೂಮಾ, ಬೇಟೆಗಾರರು ಎಲ್ಲರೂ ಸೇರಿದ್ದರು, ಗಿಡ ಎಲ್ಲ ಕಡೆ ಒಂದೇ ಸಮ ಚಿಗುರಲೂ ಇಲ್ಲ. ಒಳ್ಳೆಯ ಉದ್ದೇಶದ ಉತ್ಪ್ರೇಕ್ಷೆ ಒಮ್ಮೆ ಸಿಕ್ಕಿಬಿದ್ದರೆ ಆಮೇಲೆ ನಿಜ ಹೇಳಿದರೂ ಯಾರೂ ಕೇಳುವುದಿಲ್ಲ. ತೋಳ ಬಂತು ತೋಳ ಅಂತ ಕೂಗಿದ ಹುಡುಗನ ಪಾಡೇ.

ಹೆದರಿಕೆಗೆ ಸಂಬಳ ಕೊಟ್ಟವರು

ತೋಳದ ಮೇಲಿನ ಸಿಟ್ಟು ಅನಾದಿ ಕಾಲದ್ದು ಅಂದುಕೊಳ್ಳುತ್ತೇವೆ. ಪೂರ್ತಿ ಹಾಗಿಲ್ಲ. ಬ್ರಿಟಿಷರ ಕಾಲದಲ್ಲಿ ತೋಳ ಕೊಂದು ತಂದರೆ ಸರ್ಕಾರವೇ ಇನಾಮು ಕೊಡುತ್ತಿತ್ತು. 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಎರಡು ಲಕ್ಷ ತೋಳಗಳು ಸತ್ತವು ಅನ್ನುವುದು ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಅಂದಾಜು. ಅದೇ ಅವಧಿಗೆ ಹುಲಿಗಳ ಲೆಕ್ಕ ಎಂಬತ್ತು ಸಾವಿರ. ಆಮೇಲೆ ಹುಲಿ ರಾಷ್ಟ್ರೀಯ ಪ್ರಾಣಿಯಾಯಿತು, ತೋಳ ಮಾತ್ರ ಕಥೆಯ ಖಳನಾಯಕನಾಗಿಯೇ ಉಳಿಯಿತು.

ನಮ್ಮ ಮಾತಿನಲ್ಲಿ ಇನ್ನೊಂದು ತೋಳವೂ ಇದೆ. "ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು" ಅನ್ನುವ ಗಾದೆ ನೋಡಿ. ಕಷ್ಟಕ್ಕೆ ಸಿಕ್ಕವನ ಮೇಲೆ ಎಲ್ಲರೂ ಮುಗಿಬಿದ್ದಾಗ ಅದನ್ನು ಹೇಳುತ್ತೇವೆ, ಅಲ್ವಾ? ಹೇಳುವಾಗ ಮನಸ್ಸು ಇರುವುದು ಹಳ್ಳದಲ್ಲಿ ಬಿದ್ದವನ ಕಡೆಗೆ, ಕಲ್ಲು ಹಿಡಿದವರ ಕಡೆಗಲ್ಲ. ದಖನ್ನಿನ ಕುರುಬರು, ಧನಗರರಲ್ಲಿ ತೋಳ ಒಂದು ಕುರಿ ಒಯ್ದರೆ ಅದರ ಪಾಲು ಅದು ಒಯ್ದಿತು ಅನ್ನುವ ಹಿರಿಯರು ಈಗಲೂ ಇದ್ದಾರೆ. ಪ್ರೀತಿ ಅಂತ ಅಲ್ಲ. ಮಳೆ, ಗಾಳಿ, ರೋಗದ ಹಾಗೆ ಅದೂ ಒಂದು ಅನ್ನುವ ಒಪ್ಪಿಗೆ.

ಬಹರಾಯಿಚ್ ಘಟನೆ ಸುಳ್ಳಲ್ಲ. ಅಲ್ಲಿ ಮಕ್ಕಳು ಸತ್ತದ್ದು ನಿಜ, ಹಳ್ಳಿಗರ ಭಯವೂ ನಿಜ. ಹೊಳೆಯ ಪ್ರವಾಹದಲ್ಲಿ ಗವಿಗಳು ಮುಳುಗಿದ್ದು, ಬಾಗಿಲಿಲ್ಲದ ಮನೆಗಳಲ್ಲಿ, ಅಂಗಳದಲ್ಲಿ ಮಕ್ಕಳು ಮಲಗುತ್ತಿದ್ದದ್ದು, ಹೀಗೆ ಹಲವು ಕಾರಣಗಳನ್ನು ಮುಂದಿಟ್ಟರು. ಯಾವ ದಾಳಿ ತೋಳದ್ದು, ಯಾವುದು ನಾಯಿಯದ್ದು ಅನ್ನುವ ಗೊಂದಲವೂ ಇತ್ತು. ಇಂಥ ದಾಳಿ ಅಪರೂಪ. ಆದರೆ ಅಪರೂಪ ಅನ್ನುವುದು ಮಗು ಕಳೆದುಕೊಂಡವರಿಗೆ ಸಮಾಧಾನದ ಮಾತಲ್ಲ. ಆ ಭಯವನ್ನು ಮುಚ್ಚಿಟ್ಟು ತೋಳವನ್ನು ಮುದ್ದಾದ ಪ್ರಾಣಿ ಮಾಡಿ ತೋರಿಸುವ ಕಲೆ ಒಂದು ಸುದ್ದಿಗೇ ಕುಸಿದುಬೀಳುತ್ತದೆ.

ಹೆಸರಿನ ಶಕ್ತಿ

ಕಲೆಯಿಂದ ಏನಾದರೂ ಆಗುತ್ತಾ ಅನ್ನುವ ಪ್ರಶ್ನೆಗೆ ಹುಬ್ಬಳ್ಳಿ-ಧಾರವಾಡದಲ್ಲೇ ಒಂದು ಉತ್ತರ ದಿನಾ ಓಡಾಡುತ್ತಿದೆ. 2018ರಲ್ಲಿ ಶುರುವಾದ ಬಿಆರ್‌ಟಿಎಸ್ ಬಸ್ಸಿಗೆ ಚಿಗರಿ ಅಂತ ಹೆಸರಿಟ್ಟರು. ಬಸ್ಸಿನ ಬಗ್ಗೆ ಇರುವ ತಕರಾರು ಬೇರೆ ಮಾತು, ಅದು ಇನ್ನೊಂದು ಲೇಖನವೇ ಆಗುತ್ತದೆ. ಆದರೆ ಹೆಸರು ಮಾಡಿದ ಕೆಲಸ ನೋಡಿ. ಕೃಷ್ಣಮೃಗ ಅನ್ನುವ ಪುಸ್ತಕದ ಹೆಸರು ಪಕ್ಕಕ್ಕೆ ಸರಿದು, ಹಳ್ಳಿಯ ಮಾತು ಎಲ್ಲರ ಬಾಯಿಗೆ ಬಂತು. "ಚಿಗರಿ ಹತ್ತಿ ಬಾ" ಅಂತಾರೆ ಜನ. ಹೊಲದಲ್ಲಿ ಕಾಟ ಕೊಡುವ ಅದೇ ಪ್ರಾಣಿ ಪೇಟೆಯಲ್ಲಿ ವೇಗಕ್ಕೆ, ಚೆಲುವಿಗೆ ಗುರುತಾಯಿತು.

ತೋಳಕ್ಕೂ ಹುಬ್ಬಳ್ಳಿಯಲ್ಲಿ ಒಂದು ಜಾಗ ಇದೆ. ತೋಳನಕೆರೆ. ಹೆಸರು ಹೇಗೆ ಬಂತು ಅನ್ನುವ ಚರ್ಚೆ ಬೇಡ, ಹೆಸರಿನಲ್ಲಂತೂ ತೋಳ ಕೂತಿದೆ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಕೆರೆ ಅಚ್ಚುಕಟ್ಟಾಯಿತು, ಬೆಳಿಗ್ಗೆ ಸಂಜೆ ವಾಕಿಂಗ್ ಹೋಗುವವರ ಸಾಲು. ಅವರಲ್ಲಿ ಎಷ್ಟು ಜನಕ್ಕೆ ಆ ಹೆಸರು ಕಿವಿಗೆ ತಾಗಿರಬಹುದು?

ಹೆಸರಿಗಿಂತ ದೊಡ್ಡ ಉದಾಹರಣೆ ಅಸ್ಸಾಮಿನದು. ಹರ್ಗಿಲಾ ಅನ್ನುವ ಬೋಳುತಲೆಯ ದೊಡ್ಡ ಕೊಕ್ಕರೆ. ಹೆಸರಿನ ಅರ್ಥವೇ ಮೂಳೆ ನುಂಗುವುದು. ಹೊಲಸು, ಅಪಶಕುನ ಅಂತ ಜನ ಗೂಡಿದ್ದ ಮರಗಳನ್ನೇ ಕಡಿಯುತ್ತಿದ್ದರು. ಜೀವವಿಜ್ಞಾನಿ ಪೂರ್ಣಿಮಾ ದೇವಿ ಬರ್ಮನ್ ಹಳ್ಳಿಯ ಹೆಣ್ಣುಮಕ್ಕಳನ್ನು ಸೇರಿಸಿ "ಹರ್ಗಿಲಾ ಸೇನೆ" ಕಟ್ಟಿದರು. ಅವರು ಸೀರೆಯಂಥ ಮೇಖಲಾ ಚಾದರಗಳಲ್ಲಿ, ಹೆಗಲ ವಸ್ತ್ರವಾದ ಗಮೋಸಾಗಳಲ್ಲಿ ಆ ಹಕ್ಕಿಯ ಚಿತ್ರ ನೇಯ್ದರು, ಹಾಡು ಕಟ್ಟಿದರು, ಮೊಟ್ಟೆ ಇಡುವ ಕಾಲಕ್ಕೆ ಹಕ್ಕಿಗೆ ಸೀಮಂತವನ್ನೂ ಮಾಡಿದರು. ನೇಯ್ದದ್ದು ಮಾರಿ ಕೈಗೆ ದುಡ್ಡೂ ಬಂತು. ಅಳಿವಿನಂಚಿನ ಪಟ್ಟಿಯಲ್ಲಿದ್ದ ಹಕ್ಕಿಯ ಸ್ಥಿತಿ ಸುಧಾರಿಸಿದೆ ಅಂತ 2023ರಲ್ಲಿ ಅಂತರರಾಷ್ಟ್ರೀಯ ಪಟ್ಟಿಯಲ್ಲೇ ದಾಖಲಾಯಿತು. ಬರ್ಮನ್ ಅವರಿಗೆ 2022ರಲ್ಲಿ ವಿಶ್ವಸಂಸ್ಥೆಯ ಪರಿಸರ ಪ್ರಶಸ್ತಿಯೂ ಬಂತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಚಿತ್ರ ಬಿಡಿಸಿದವರು ಹೊರಗಿಂದ ಬಂದವರಲ್ಲ. ಯಾರ ಹಿತ್ತಲಿನ ಮರದಲ್ಲಿ ಹಕ್ಕಿ ಗೂಡು ಕಟ್ಟುತ್ತಿತ್ತೋ ಅವರ ಮನೆಯ ಹೆಣ್ಣುಮಕ್ಕಳೇ ನೇಯ್ದರು. ಹರ್ಗಿಲಾ ಕುರಿ ಒಯ್ಯುವುದಿಲ್ಲ, ಆ ವ್ಯತ್ಯಾಸ ಚಿಕ್ಕದಲ್ಲ. ಆದರೂ ದಾರಿ ತೋರಿಸುತ್ತದೆ.

ನಮ್ಮಲ್ಲಿ ಕೈಗಳಿಗೆ ಕೊರತೆ ಇಲ್ಲ. ಧಾರವಾಡದಲ್ಲಿ ಹಾಲಭಾವಿಯವರು, ಗದಗಿನಲ್ಲಿ ಟಿ.ಪಿ. ಅಕ್ಕಿಯವರು ಚಿತ್ರಕಲಾ ಶಾಲೆ ಕಟ್ಟಿದ ನೆಲ ಇದು. ಶಿಗ್ಗಾಂವಿ ಬಳಿಯ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಅವರ ಉತ್ಸವ ರಾಕ್ ಗಾರ್ಡನ್ ಇದೆ, ಸಿಮೆಂಟಿನಲ್ಲಿ ಇಡೀ ಹಳ್ಳಿಯ ಬದುಕನ್ನೇ ಆಳೆತ್ತರಕ್ಕೆ ನಿಲ್ಲಿಸಿದ್ದಾರೆ. ಕಸೂತಿಯಲ್ಲಿ ಆನೆ, ಕುದುರೆ, ನವಿಲು, ಗೋಪುರ, ತೇರು ಬರುತ್ತವೆ. ತೋಳ ಬರಲು ತಾಂತ್ರಿಕವಾಗಿ ಏನೂ ಅಡ್ಡಿಯಿಲ್ಲ. ಗವಂತಿ ಹೊಲಿಗೆಯಲ್ಲಿ ಬೆನ್ನಿನ ನೇರ ಗೆರೆ ಎಳೆದು, ಮುರ್ಗಿಯ ಮೆಟ್ಟಿಲು ಹೊಲಿಗೆಯಲ್ಲಿ ಕಾಲು ಇಳಿಸಿದರೆ ತೆಳು ಮೈಯ ಪ್ರಾಣಿ ಸಿದ್ಧ. ಕೊಪ್ಪಳದ ಕಿನ್ನಾಳ ಗೊಂಬೆಯವರಂತೂ ಗಂಗಾವತಿಯ ತೋಳದ ಜಿಲ್ಲೆಯವರೇ.

ಇನ್ನು ದೇವರಗುಡ್ಡದಲ್ಲಿ ಮಾಲತೇಶ ದೇವರ ಸೇವೆ ಮಾಡುವ ಗೊರವಪ್ಪಗಳನ್ನು ನೋಡಿ. ತಲೆ ಮೇಲೆ ಕರಡಿ ಕೂದಲಿನ ಟೋಪಿ, ಮೈಮೇಲೆ ಕಂಬಳಿ, ನಾಯಿಯ ಹಾಗೆ ಬೊಗಳುವ ಸೇವೆ. ಕರಡಿಗೂ ನಾಯಿಗೂ ಕುರುಬರ ಆಚರಣೆಯಲ್ಲಿ ಜಾಗ ಸಿಕ್ಕಿದೆ. ಕುರಿ ಹಿಂಡಿನ ಸುತ್ತ ಸುಳಿಯುವ ತೋಳಕ್ಕೆ ಆ ವೇಷದಲ್ಲಿ ಜಾಗ ಕಾಣುವುದಿಲ್ಲ.

ಹಿಮದ ತೋಳ ಬೇಡ

ತೋಳದ ಚಿತ್ರ ಬಿಡಿಸು ಅಂದರೆ ಹುಡುಗರು ಮೊಬೈಲ್ ತೆಗೆದು ಹುಡುಕುತ್ತಾರೆ. ಮೊದಲು ಬರುವುದು ಏನು? ಉತ್ತರ ಅಮೆರಿಕದ ಬೂದು ತೋಳ, ಕುತ್ತಿಗೆಗೆ ಮಫ್ಲರ್ ಸುತ್ತಿದ ಹಾಗೆ ದಟ್ಟ ಕೂದಲು, ಸುತ್ತ ಹಿಮ, ಹಿಂದೆ ದೊಡ್ಡ ಚಂದಿರ. ಅದನ್ನೇ ನೋಡಿ ಗೋಡೆಗೆ ಇಳಿಸಿದರೆ ಚಿತ್ರ ಚೆಂದವೇ. ಆದರೆ ಕಪ್ಪತಗುಡ್ಡದ ಕೆಳಗೆ ಕುರಿ ಕಾಯುವವರು ಅದನ್ನು ನೋಡಿ ಇದ್ಯಾವ ನಾಯಿ ಅಂತ ಕೇಳಬಹುದು.

ನಮ್ಮ ತೋಳ ಬೇರೆ ಥರ. ತೂಕ ಹೆಚ್ಚೆಂದರೆ ಇಪ್ಪತ್ತು, ಇಪ್ಪತ್ತೈದು ಕಿಲೋ. ಬಣ್ಣ ಒಣಹುಲ್ಲಿನದು, ಬೆನ್ನ ಮೇಲೆ ಅಲ್ಲಲ್ಲಿ ಕಪ್ಪು ಬೆರೆತ ಕಂದು. ಬೇಸಿಗೆಯಲ್ಲಿ ಕೂದಲು ತೀರಾ ಗಿಡ್ಡ, ಪಕ್ಕೆಲುಬು ಎಣಿಸಬಹುದು ಅನ್ನುವಷ್ಟು ಸಣಕಲು ಮೈ. ಮೈಗಿಂತ ಕಾಲೇ ಉದ್ದ ಅನಿಸುತ್ತದೆ. ಕಿವಿ ದೊಡ್ಡದು, ಬಿಸಿಲಿನ ನಾಡಿನ ಪ್ರಾಣಿಗೆ ಮೈ ತಂಪು ಮಾಡಿಕೊಳ್ಳಲು ಅದು ಬೇಕು. ಕಣ್ಣು ಹಳದಿ. ಬಾಲ ನಾಯಿಯ ಹಾಗೆ ಮೇಲಕ್ಕೆ ಸುರುಳಿ ಸುತ್ತಿರುವುದಿಲ್ಲ, ನಡೆಯುವಾಗ ಕೆಳಗೇ ಇರುತ್ತದೆ. ತಲೆಯೂ ಅಷ್ಟೇ, ಬೆನ್ನಿನ ಮಟ್ಟಕ್ಕೆ ತಗ್ಗಿಸಿಕೊಂಡು ಒಂದೇ ಗತಿಯಲ್ಲಿ ಸಾಗುತ್ತದೆ. ಕತ್ತು ಎತ್ತಿ ಊಳಿಡುವುದು ಚಂದ್ರನನ್ನು ನೋಡಿ ಅಲ್ಲ, ದನಿ ದೂರ ಹೋಗಲಿ ಅಂತ. ಗುಂಪು ಚದುರಿದಾಗ ನಾನಿಲ್ಲಿದ್ದೇನೆ ಅಂತ ತಿಳಿಸಲಿಕ್ಕೆ.

ಇಷ್ಟು ವಿವರ ಯಾಕೆ ಅಂದರೆ, ಗುರುತು ಹಿಡಿಯುವುದೇ ಇಲ್ಲಿನ ಅರ್ಧ ಸಮಸ್ಯೆ. ಕುರಿ ಸತ್ತರೆ ತೋಳ ಅಂತಾರೆ. ಎಷ್ಟೋ ಸಲ ಅದು ಬೀದಿನಾಯಿಗಳ ಹಿಂಡು ಇರಬಹುದು. ಕತ್ತೆಕಿರುಬ ಕಂಡರೂ ತೋಳ, ದೊಡ್ಡ ಗುಳ್ಳೆನರಿ ಕಂಡರೂ ತೋಳ. ಬೈಗುಳ ಎಲ್ಲ ಒಂದೇ ಪ್ರಾಣಿಯ ತಲೆಗೆ. ಸರಿಯಾಗಿ ಬಿಡಿಸಿದ ಒಂದು ಗೋಡೆ, ತೋಳ, ನಾಯಿ, ನರಿ, ಕತ್ತೆಕಿರುಬ ನಾಲ್ಕನ್ನೂ ಒಂದೇ ಅಳತೆಯಲ್ಲಿ ಅಕ್ಕಪಕ್ಕ ನಿಲ್ಲಿಸಿದರೆ, ಅದು ಅಲಂಕಾರಕ್ಕಿಂತ ಹೆಚ್ಚಿನ ಕೆಲಸ ಮಾಡುತ್ತದೆ. ವಂಶದ ಲೆಕ್ಕದಲ್ಲೂ ನಮ್ಮದು ಸಾಮಾನ್ಯ ತೋಳ ಅಲ್ಲ. ಜಗತ್ತಿನಲ್ಲಿ ಈಗ ಬದುಕಿರುವ ಬೂದು ತೋಳಗಳ ಅತಿ ಹಳೆಯ ಕವಲುಗಳಲ್ಲಿ ಇದೊಂದು ಅಂತ ಜೀನ್ ಅಧ್ಯಯನಗಳು ಹೇಳುತ್ತವೆ. ಅಮೆರಿಕದ ತೋಳವನ್ನು ಸಾಲ ತಂದು ಬಿಡಿಸುವ ದರಿದ್ರ ನಮಗಿಲ್ಲ.

ಕುರಿಗಾಹಿಯ ತಕರಾರು

ಈಗ ಎದುರು ಮಾತು. ಹಾವೇರಿ, ಗದಗ, ಬೆಳಗಾವಿ ಕಡೆಯ ಕುರಿಗಾಹಿಗಳು ವರ್ಷದಲ್ಲಿ ತಿಂಗಳುಗಟ್ಟಲೆ ಹಿಂಡಿನ ಜೊತೆ ಊರಿಂದೂರಿಗೆ ಅಲೆಯುತ್ತಾರೆ. ಕೊಯ್ಲಾದ ಹೊಲದಲ್ಲಿ ಬಲೆ ಕಟ್ಟಿ ರಾತ್ರಿ ಕುರಿ ನಿಲ್ಲಿಸುತ್ತಾರೆ, ಗೊಬ್ಬರಕ್ಕಾಗಿ ಹೊಲದವರು ದುಡ್ಡೋ ಕಾಳೋ ಕೊಡುತ್ತಾರೆ. ಒಂದು ಕುರಿ ಹೋದರೆ ಸಾವಿರಾರು ರೂಪಾಯಿ ಹೋಯಿತು. ಸರ್ಕಾರದಿಂದ ಪರಿಹಾರ ಇದೆ, ನಿಜ. ಆದರೆ ಅದಕ್ಕೆ ಸತ್ತ ಕುರಿ ತೋರಿಸಬೇಕು, ಅರಣ್ಯ ಇಲಾಖೆಯವರು ಬರಬೇಕು, ಪಶುವೈದ್ಯರು ಇದು ತೋಳದ್ದೇ ಗಾಯ ಅಂತ ಬರೆಯಬೇಕು. ತೋಳ ಕುರಿಮರಿಯನ್ನು ಪೂರ್ತಿ ಎತ್ತಿಕೊಂಡೇ ಹೋದರೆ ತೋರಿಸುವುದು ಏನನ್ನು? ಅಷ್ಟರಲ್ಲಿ ಹಿಂಡು ಮುಂದಿನ ಊರಿಗೆ ಹೊರಡಬೇಕು. ಒಂದು ಕುರಿಗಾಗಿ ಇನ್ನೂರು ಕುರಿ ನಿಲ್ಲಿಸಲು ಆಗುತ್ತಾ?

ಇಂಥ ಹೊತ್ತಿನಲ್ಲಿ ಪೇಟೆಯ ಗೋಡೆ ಮೇಲೆ ಹೊಳೆಯುವ ತೋಳ ಕಂಡರೆ ಕುರಿಗಾಹಿಗೆ ಅದು ಅಣಕದ ಹಾಗೆ ಕಾಣುತ್ತದೆ. ನಷ್ಟ ನಮ್ಮದು, ಪ್ರೀತಿ ನಿಮ್ಮದು ಅನ್ನುವ ಮಾತು ಬರುತ್ತದೆ. ಅದು ತಪ್ಪಲ್ಲ. ಸಿಟ್ಟು ಜಾಸ್ತಿಯಾದಾಗ ಸತ್ತ ಕುರಿಯ ಮೇಲೆ ವಿಷ ಹಾಕಿ ಇಡುತ್ತಾರೆ. ತೋಳದ ಜೊತೆ ನರಿ, ಹದ್ದು, ಊರ ನಾಯಿ ಎಲ್ಲವೂ ಸಾಯುತ್ತವೆ.

ಚಿತ್ರದಲ್ಲಿ ಕುರಿಗಾಹಿ ಇರಬೇಕು ಅನ್ನುವುದು ಇದಕ್ಕೇ. ತೋಳ ಒಂದನ್ನೇ ದೇವರ ಹಾಗೆ ನಿಲ್ಲಿಸಿದರೆ ಅರ್ಧ ಕಥೆ. ಕಂಬಳಿ ಹೊದ್ದವರು, ಬಲೆಯ ದೊಡ್ಡಿ, ಕಾವಲು ನಾಯಿ, ಚಿಗರಿ, ಹುಲ್ಲು, ದೂರದಲ್ಲಿ ತೋಳ, ಎಲ್ಲ ಇದ್ದರೆ ಅದು ನಮ್ಮ ಬಯಲಿನ ಚಿತ್ರ. ಮೇಡ್ಲೇರಿಯಂಥ ಊರಲ್ಲಿ ಕಂಬಳಿ ನೇಯುವವರಿದ್ದಾರೆ. ಕಂಬಳಿಯ ಅಂಚಿನಲ್ಲಿ ತೋಳದ ಗುರುತು ನೇಯ್ದು, ಅದಕ್ಕೆ ನಾಲ್ಕು ಕಾಸು ಹೆಚ್ಚಿನ ಬೆಲೆ ಸಿಕ್ಕಿ, ಆ ದುಡ್ಡು ಕುರಿ ಸಾಕುವವರ ಮನೆಗೇ ಹೋದರೆ ಮಾತಿನ ಧಾಟಿ ಬದಲಾಗಬಹುದು. ಹರ್ಗಿಲಾ ಕಥೆಯಲ್ಲಿ ಕೆಲಸ ಮಾಡಿದ್ದೂ ಇದೇ.

ಬಣ್ಣದಿಂದ ಆಗದ ಕೆಲಸ

ಕಲೆಗೆ ಮಿತಿ ಇದೆ. ತೋಳಕ್ಕೆ ನಿಜವಾಗಿ ಕುತ್ತು ತಂದಿರುವ ಕೆಲವು ವಿಷಯಗಳು ಚಿತ್ರ ನೋಡಿ ಸರಿಹೋಗುವಂಥವಲ್ಲ.

ಮೊದಲನೆಯದು ನೆಲ. ಹುಲ್ಲುಗಾವಲನ್ನು ನಮ್ಮ ದಾಖಲೆಗಳು ಬಂಜರು ಅಂತಲೇ ಬರೆಯುತ್ತವೆ. ಬಂಜರು ಅಂದ ಮೇಲೆ ಏನಾದರೂ ಮಾಡಬೇಕು ಅನಿಸುತ್ತದೆ. ರಾಣೆಬೆನ್ನೂರಿನ ಧಾಮದಲ್ಲೇ ದೊಡ್ಡ ಭಾಗಕ್ಕೆ ನೀಲಗಿರಿ ನೆಟ್ಟರು. ಹಸಿರು ಕಂಡಿತು, ಹುಲ್ಲು ಹೋಯಿತು. ಅಲ್ಲಿದ್ದ ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಈಗ ಮಾತಿನಲ್ಲಷ್ಟೇ ಇದೆ. ಗದಗಿನ ಗುಡ್ಡಗಳಲ್ಲಿ ಗಾಳಿಯಂತ್ರ ನಿಂತವು, ಅವುಗಳಿಗೆ ರಸ್ತೆ ಕಡಿದರು. ಗಾಳಿ ವಿದ್ಯುತ್ತು ಬೇಡ ಅಂತಲ್ಲ. ಖಾಲಿ ಜಾಗ ಅಂದುಕೊಂಡದ್ದು ಖಾಲಿ ಇರಲಿಲ್ಲ, ಅಷ್ಟೇ. ಹುಲ್ಲು ಕಡಿಮೆಯಾದರೆ ಚಿಗರಿ, ಮೊಲ ಹೊಲಕ್ಕೆ ಬರುತ್ತವೆ, ತೋಳ ಕುರಿ ದೊಡ್ಡಿಗೆ ಬರುತ್ತದೆ, ಕುರಿಗಾಹಿ ವಿಷ ಹುಡುಕುತ್ತಾನೆ. ಒಂದರಿಂದ ಇನ್ನೊಂದು.

ಎರಡನೆಯದು ನಾಯಿ, ಬಹಳ ಜನ ಇದರ ಬಗ್ಗೆ ಮಾತಾಡುವುದೇ ಇಲ್ಲ. ಊರ ಹೊರಗೆ ಸತ್ತ ದನ, ಕೋಳಿ ಅಂಗಡಿಯ ತ್ಯಾಜ್ಯ ಎಸೆಯುತ್ತೇವೆ. ಅದನ್ನು ತಿಂದು ನಾಯಿ ಹಿಂಡು ಬೆಳೆಯುತ್ತದೆ, ತೋಳವೂ ಅಲ್ಲಿಗೇ ಬರುತ್ತದೆ. ನಾಯಿಯ ರೇಬೀಸ್, ಡಿಸ್ಟೆಂಪರ್ ಅನ್ನುವ ರೋಗಗಳು ತೋಳಕ್ಕೆ ಹತ್ತುತ್ತವೆ. ಹುಚ್ಚು ಹಿಡಿದ ತೋಳ ಮನುಷ್ಯರ ಮೇಲೆ ಬಿದ್ದರೆ ಮತ್ತೆ ಎಲ್ಲ ತೋಳಗಳ ಮೇಲೆ ಸಿಟ್ಟು. ಇನ್ನೂ ಒಂದು ಅಪಾಯ ತಳಿ ಬೆರಕೆಯದು. ಪುಣೆ ಕಡೆ ತೋಳ ಮತ್ತು ನಾಯಿಯ ಬೆರಕೆ ಇರುವುದು ಜೀನ್ ಪರೀಕ್ಷೆಯಲ್ಲೇ ಗೊತ್ತಾಗಿದೆ. ಗುಂಪು ಸಣ್ಣದಾಗಿ ಜೋಡಿ ಸಿಗದೇ ಹೋದಾಗ ತೋಳ ನಾಯಿಯ ಜೊತೆ ಸೇರುತ್ತದೆ. ಗುಂಡಿಲ್ಲದೆ, ವಿಷವಿಲ್ಲದೆ ತೋಳ ಅಳಿಯುವ ದಾರಿ ಇದು.

ಮೂರನೆಯದು ಸ್ವಲ್ಪ ಇರುಸುಮುರುಸಿನದು, ಯಾಕೆಂದರೆ ಇದು ತೋಳವನ್ನು ಇಷ್ಟಪಡುವವರ ತಪ್ಪು. ಪ್ರಚಾರ ಹೆಚ್ಚಾದ ಹಾಗೆ ಕ್ಯಾಮೆರಾ ಹಿಡಿದವರು ಹೆಚ್ಚುತ್ತಾರೆ. ಮರಿ ಇರುವ ಗವಿಯ ಹತ್ತಿರ ಜೀಪು ನಿಲ್ಲಿಸುವುದು, ಫೋಟೊ ಜೊತೆ ಜಾಗದ ಗುರುತು ಹಾಕುವುದು. ತಾಯಿ ತೋಳ ಹೆದರಿದರೆ ಮರಿಗಳನ್ನು ಬಾಯಲ್ಲಿ ಕಚ್ಚಿ ಬೇರೆ ಕಡೆ ಸಾಗಿಸುತ್ತದೆ, ಆ ಓಡಾಟದಲ್ಲಿ ಮರಿ ಸಾಯಬಹುದು.

ಮುಂದೇನಾಗಬಹುದು

ಗಂಗಾವತಿಯ ಧಾಮವನ್ನು ರಾಜ್ಯದ ಮೊದಲ ತೋಳಧಾಮ ಅನ್ನುತ್ತಾರೆ. ಮಂಡ್ಯ ಜಿಲ್ಲೆಯ ಮೇಲುಕೋಟೆ ಧಾಮಕ್ಕೆ 1974ರಲ್ಲೇ ತೋಳ ಮುಖ್ಯ ಪ್ರಾಣಿಯಾಗಿತ್ತು, ಜಾರ್ಖಂಡಿನ ಮಹುವಾಡಾಂಡ್ ತೋಳಧಾಮ 1976ರದ್ದು. ಮೊದಲನೆಯದು ಯಾವುದು ಅನ್ನುವ ವಾದಕ್ಕಿಂತ ಈ ಹಳೆಯ ಪಟ್ಟಿ ಹೇಳುವ ವಿಷಯ ದೊಡ್ಡದು. ಘೋಷಣೆ ಆಗಿ ಐವತ್ತು ವರ್ಷ ಆದರೂ ಮೇಲುಕೋಟೆ ಅಂದರೆ ಜನರಿಗೆ ನೆನಪಾಗುವುದು ಪುಳಿಯೋಗರೆ, ವೈರಮುಡಿ. ತೋಳ ಅಲ್ಲ. ಜನರ ಮನಸ್ಸಿಗೆ ಇಳಿಯದ ಧಾಮ ನಕ್ಷೆಯಲ್ಲಷ್ಟೇ ಇರುತ್ತದೆ.

ಗಂಗಾವತಿಯ ಬಂಕಾಪುರಕ್ಕೂ ಅದೇ ಆಗಬಹುದು, ಅಥವಾ ಸುತ್ತಲಿನ ಹಳ್ಳಿಗಳಿಗೆ ಅದು ನಮ್ಮದು ಅನಿಸಬಹುದು. ಪರಿಹಾರ ಬೇಗ ಸಿಕ್ಕರೆ, ಅಲೆಮಾರಿ ಕುರಿಗಾಹಿ ಇರುವ ಊರಲ್ಲೇ ಅರ್ಜಿ ಕೊಟ್ಟು ಮುಂದೆ ಹೋಗುವ ಹಾಗಾದರೆ, ಗೋಮಾಳ ಗೋಮಾಳವಾಗಿಯೇ ಉಳಿದರೆ, ಆಗ ಚಿತ್ರಕ್ಕೂ ಹಾಡಿಗೂ ನಿಲ್ಲಲು ನೆಲ ಸಿಗುತ್ತದೆ. ಅದಿಲ್ಲದೆ ಬರೀ ಗೋಡೆಗೆ ಬಣ್ಣ ಹಚ್ಚಿದರೆ ಒಂದು ಮಳೆಗಾಲ ಇರುತ್ತದೆ, ಅದರ ಮೇಲೆ ಕೋಚಿಂಗ್ ಕ್ಲಾಸಿನ ಪೋಸ್ಟರ್ ಬೀಳುತ್ತದೆ.

ನಾಳೆ ಯಾರಾದರೂ ತೋಳನಕೆರೆಯ ಬಳಿ ಒಂದು ಗೋಡೆ ಹಿಡಿದು ಬಣ್ಣದ ಡಬ್ಬಿ ತೆರೆದರೆ, ಮೊದಲ ಗೆರೆ ಎಳೆಯುವ ಮುಂಚೆ ರಾಣೆಬೆನ್ನೂರು ಕಡೆಯ ಕುರಿ ಕಾಯುವವರೊಬ್ಬರನ್ನು ಕರೆಸಲಿ. ಕಿವಿ ಇಷ್ಟು ದೊಡ್ಡದಿರುತ್ತಾ, ಬಾಲ ಹೀಗೇ ಇಳಿದಿರುತ್ತಾ, ನಿಮ್ಮ ಹಿಂಡು ಯಾವ ಕಡೆ ನಿಲ್ಲಿಸೋಣ ಅಂತ ಕೇಳಲಿ.